ಒಂದೇ ಪಕ್ಕದ ಸಾಣೆ

ಮಾರ್ಚ್ 3, ಸೋಮವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೋಳಿ ಕೆದರಿದ ಹಾಗಿದೆ. ಇರಲಿ, ಯಾರಿಗೂ ತೋರಿಸಬೇಕಾಗಿಲ್ಲ.

ಬಲಗೈ ಮುರಿದು ಐದು ದಿನ. ಅಂಗಡಿಯ ಬಾಗಿಲಲ್ಲಿ ಕಾಲು ಜಾರಿ, ಕೈ ಊರಿ ಬಿದ್ದೆ. ಮಣಿಕಟ್ಟಿನ ಮೂಳೆ ಹೋಯಿತು. ಮೊಣಕೈವರೆಗೆ ಪ್ಲಾಸ್ಟರ್. ಆರು ವಾರ ಏನೂ ಮುಟ್ಟಬಾರದಂತೆ. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಅಂದಿನಿಂದ ಈ ಕೈ ಒಂದು ವಾರವೂ ಸುಮ್ಮನೆ ಕೂತಿಲ್ಲ ಎಂದು ಡಾಕ್ಟರಿಗೆ ಹೇಳಿದೆ. ಹಾಗಾದರೆ ಅದಕ್ಕೂ ಒಂದು ರಜೆ ಕೊಡಿ ಎಂದು ನಕ್ಕ. ನಗುವ ಡಾಕ್ಟರುಗಳನ್ನು ಕಂಡರೆ ನನಗಾಗದು.

ಅಂಗಡಿ ಮುಚ್ಚಿದೆ. ಬಾಗಿಲ ಹಿಂದೆ ಹದಿನಾಲ್ಕು ಜೊತೆ ಚಪ್ಪಲಿ, ಬೂಟು ಹಿಮ್ಮಡಿ ಕಳಚಿಕೊಂಡು ನನ್ನ ದಾರಿ ಕಾಯುತ್ತಿವೆ. ಮೂವತ್ತೆಂಟು ವರ್ಷ ಬೂಟಿನ ಕಾರ್ಖಾನೆಯಲ್ಲಿ ಚರ್ಮ ಕತ್ತರಿಸಿದೆ. ಆಮೇಲೆ ಮನೆಯ ಕೆಳಗೇ ಈ ರಿಪೇರಿ ಅಂಗಡಿ ಇಟ್ಟೆ. ಮೇಲಿನ ಕೋಣೆಗಳಲ್ಲಿ ಮಗಳು, ಅಳಿಯ, ಮೊಮ್ಮಗಳು ಮತ್ತು ನಾನು. ಮಗಳು ಬಸ್ಸು ಓಡಿಸುತ್ತಾಳೆ. ಅಳಿಯ ಮನೆಮನೆಗೆ ಅಂಚೆ ಹಂಚುತ್ತಾನೆ. ಮೂವರೂ ಹೊರಟುಹೋದ ಮೇಲೆ ಮನೆಯಲ್ಲಿ ಉಳಿಯುವುದು ನಾನು, ಗೋಡೆ, ಈ ಪ್ಲಾಸ್ಟರ್.

ಈ ಡೈರಿ ಅಳಿಯ ತಂದುಕೊಟ್ಟಿದ್ದು. "ಅತ್ತೆ, ನಮ್ಮನ್ನ ಬೈಯೋದನ್ನೆಲ್ಲ ಇದರಲ್ಲಿ ಬರೀರಿ" ಎಂದ. ಸರಿ, ಮೊದಲು ಅವನದೇ. ಸ್ನಾನದ ಮನೆಯ ದೀಪ ಆರಿಸುವುದಿಲ್ಲ.

ಮಾರ್ಚ್ 5, ಬುಧವಾರ

ಮೊಮ್ಮಗಳನ್ನು ನಾನು ಕರೆಯುವುದು ಮಿಡತೆ ಎಂದು. ಹನ್ನೊಂದು ವರ್ಷ. ಮೆಟ್ಟಿಲನ್ನು ಮೂರು ಮೂರು ಹಾರಿಯೇ ಹತ್ತುತ್ತಾಳೆ. ಇವತ್ತು ಹಾಗೇ ಹಾರಿಬಂದು ಒಂದು ಕಾಗದವನ್ನು ನನ್ನ ಮೂಗಿಗೇ ಹಿಡಿದಳು. ಸ್ಕೌಟ್ ಶಿಬಿರ. ಏಪ್ರಿಲ್ 11ರಿಂದ ಮೂರು ದಿನ, ಕೆರೆಯಾಚೆಯ ಕಾಡಿನಲ್ಲಿ. ಅಡುಗೆ, ಬೆಂಕಿ, ಡೇರೆ ಎಲ್ಲ ಮಕ್ಕಳದೇ. ಹೋದ ವರ್ಷ ವಯಸ್ಸು ಸಾಲದು ಎಂದು ಬಿಟ್ಟುಹೋಗಿದ್ದರು. ಆ ದಿನದಿಂದ ಈ ಹುಡುಗಿ ಮಂಚದ ಕಾಲಿಗೆ ಹಗ್ಗದ ಗಂಟು ಹಾಕಿ ಹಾಕಿ ಬಣ್ಣವನ್ನೇ ಕಿತ್ತಿದ್ದಾಳೆ.

ಕಾಗದದ ಕೆಳಗೆ ದಪ್ಪ ಅಕ್ಷರ. ಪ್ರತಿಯೊಬ್ಬರೂ ಸ್ವಂತ ಚಾಕು ತರಬೇಕು. ಅಲಗು ಮಗುವಿನ ಅಂಗೈಗಿಂತ ಉದ್ದ ಇರಬಾರದು. ಮಡಚುವುದಾದರೆ ಲಾಕ್ ಇರಬೇಕು. ಅದೇ ಚಾಕುವಿನಲ್ಲಿ ಪರೀಕ್ಷೆ. ಎರಡೇ ಅವಕಾಶ, ಮಾರ್ಚ್ 22 ಮತ್ತು ಏಪ್ರಿಲ್ 5. ಪಾಸಾಗದವರು ಶಿಬಿರಕ್ಕೆ ಬರುವಂತಿಲ್ಲ.

ಮಗಳ ಮುಖ ಸಣ್ಣದಾಯಿತು. ಇವಳ ಕೈಗೆ ಚಾಕುವೇ, ಲೋಟ ಕೊಟ್ಟರೆ ಲೋಟ ಬೀಳಿಸುತ್ತಾಳೆ ಎಂದಳು. ಅದೂ ಸುಳ್ಳಲ್ಲ. ಆದರೂ ನಾನು ಬಿಡಲಿಲ್ಲ. ಈ ಮನೆಯಲ್ಲಿ ಚಾಕುವಿನ ವಿಷಯಕ್ಕೆ ಬಾಯಿ ಹಾಕುವ ಹಕ್ಕು ಇರುವುದು ಒಬ್ಬಳಿಗೆ. ಆರಿಸುವುದೂ ನಾನೇ, ಕಲಿಸುವುದೂ ನಾನೇ ಎಂದೆ.

ಮಾರ್ಚ್ 8, ಶನಿವಾರ

ಮಿಡತೆಯನ್ನು ಕರೆದುಕೊಂಡು ಬೀದಿ ಕೊನೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವನಿಗೆ ಇನ್ನೂ ನಲವತ್ತಾಗಿಲ್ಲ, ಮೀಸೆಗೆ ಮಾತ್ರ ಅರವತ್ತು. ಅದಕ್ಕೇ ಅವನು ನನಗೆ ಮೀಸೆ.

ಸ್ಕೌಟಿಗೆ ಚಾಕು ಎಂದದ್ದೇ ತಡ, ಮೊಣಕೈಯುದ್ದದ ಒಂದನ್ನು ತೆಗೆದಿಟ್ಟ. ಬೆನ್ನಿಗೆ ಗರಗಸದ ಹಲ್ಲು, ಹಿಡಿಯ ತುದಿಯಲ್ಲಿ ದಿಕ್ಸೂಚಿ. ಇವಳು ಹೋಗುತ್ತಿರುವುದು ಕಡ್ಡಿ ಹೆರೆಯಲಿಕ್ಕೆ, ಕೋಟೆಗೆ ಮುತ್ತಿಗೆ ಹಾಕಲಿಕ್ಕಲ್ಲ ಎಂದೆ. ಎರಡನೆಯದರ ಹೊಟ್ಟೆಯಿಂದ ಹನ್ನೊಂದು ಸಾಮಾನು ಹೊರಬಂದವು. ಕತ್ತರಿ, ಅರ, ಡಬ್ಬಿ ಬಿಚ್ಚುವುದು, ಹಲ್ಲುಕಡ್ಡಿ. ಮಿಡತೆಗೆ ಅದೇ ಬೇಕು. ಅವಳ ಕೈಗೆ ಕೊಟ್ಟು ಅಲಗು ಬಿಚ್ಚು ಎಂದೆ. ಉಗುರು ಮುರಿಯಿತು. ಬಿಚ್ಚಿದ ಮೇಲೆ ಅಲಗಿನ ಬೆನ್ನನ್ನು ನಾನು ಮೆಲ್ಲಗೆ ಒತ್ತಿದೆ. ಟಪ್ಪೆಂದು ಮುಚ್ಚಿಕೊಂಡಿತು. "ಇಲ್ಲಿ ನಿನ್ನ ಬೆರಳಿದ್ದಿದ್ರೆ?" ಎಂದೆ. ತಾನೇ ಹಿಂದಕ್ಕೆ ತಳ್ಳಿದಳು. ಮೂರನೆಯದು ಹುಡುಗಿಯರಿಗೆಂದೇ ಬಂದದ್ದಂತೆ, ಗುಲಾಬಿ ಬಣ್ಣ, ಸೋಪಿನ ಹಾಗೆ ನುಣುಪು. ಒದ್ದೆ ಕೈಯಲ್ಲಿ ಹಿಡಿದರೆ ಮುಗಿಯಿತು ಕಥೆ. ಅದನ್ನು ಕೈಯಲ್ಲೂ ಮುಟ್ಟಲಿಲ್ಲ.

ಕೊನೆಗೆ ಮೀಸೆ ಹಿಂದಿನ ಕಪಾಟಿನಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ಇಳಿಸಿದ. ಮರದ ಹಿಡಿಯ ಮಡಚುವ ಚಾಕು. ಒಂದೇ ಅಲಗು. ಕತ್ತಿನಲ್ಲಿ ತಗಡಿನ ಉಂಗುರ, ತಿರುಗಿಸಿದರೆ ಲಾಕ್, ಹಿಂದಕ್ಕೆ ತಿರುಗಿಸಿದರೆ ಬಿಡುಗಡೆ. ಅಲಗನ್ನು ಮಿಡತೆಯ ಅಂಗೈಗೆ ಇಟ್ಟು ನೋಡಿದೆ, ಒಂದು ಬೆರಳಗಲ ಗಿಡ್ಡ. ಹಿಡಿ ಅವಳ ಮುಷ್ಟಿ ತುಂಬಿತು. ತುಕ್ಕು ಹಿಡಿಯುವ ಉಕ್ಕು ಎಂದು ಮೀಸೆ ಎಚ್ಚರಿಸಿದ. ಹಿಡಿಯಲಿ. ಒರೆಸಿಡುವುದನ್ನು ಕಲಿಯುತ್ತಾಳೆ.

ಅಲಗಿನ ಬಾಯಿ ಮಾತ್ರ ಬರೀ ಅಂಗಡಿ ಬಾಯಿ, ಬೆಣ್ಣೆಯನ್ನೂ ಯೋಚಿಸಿ ಕತ್ತರಿಸುವಂಥದ್ದು. ಅವನ ಸಾಣೆಯಂತ್ರದ ಪಕ್ಕ ಸ್ಟೂಲು ಹಾಕಿಸಿಕೊಂಡು ಕೂತೆ. ಎಡಮೈ ಚಪ್ಪಟೆ ಇರಲಿ, ಬಲಮೈಗೆ ಮಾತ್ರ ಇಳಿಜಾರು ಕೊಡು ಎಂದೆ. ಕಾರ್ಖಾನೆಯಲ್ಲಿ ನಮ್ಮ ಚಾಕುಗಳೆಲ್ಲ ಹಾಗೇ. ಒಂದೇ ಪಕ್ಕದ ಸಾಣೆ ಕೊಟ್ಟ ಚಾಕು ಗೆರೆ ಬಿಟ್ಟು ಕೂದಲೆಳೆಯಷ್ಟೂ ಆಚೀಚೆ ಹೋಗುವುದಿಲ್ಲ. ಮೀಸೆ ತಡೆದು, "ಅಜ್ಜಿ, ಇಂಥದ್ದಕ್ಕೆ ಎರಡೂ ಕಡೆ ಕೊಡೋದಲ್ವಾ?" ಎಂದ. ಚರ್ಮ ಕತ್ತರಿಸಿದ್ದು ನಾನೋ ನಿನ್ನ ಮೀಸೆಯೋ ಎಂದು ಕೇಳಿದೆ. ಬಾಯಿ ಮುಚ್ಚಿಕೊಂಡು ಸಾಣೆ ಹಿಡಿದ. ಆಮೇಲೆ ಒಂದು ಮರದ ಕಡ್ಡಿ ಹೆರೆದು ನೋಡಿ ಅವನೇ ತಲೆದೂಗಿದ.

ಮಿಡತೆ ಚಾಕುವನ್ನು ಎಡಗೈಯಲ್ಲಿ ಇಸಿದುಕೊಂಡಳು. ಬಲಗೈ ಎಂದು ಗದರಿದೆ. ಬದಲಿಸಿದಳು.

ಇವತ್ತು ತುಂಬ ಬರೆದೆ. ಎಡಗೈಯ ಹೆಬ್ಬೆರಳು ನೋಯುತ್ತಿದೆ.

ಮಾರ್ಚ್ 11, ಮಂಗಳವಾರ

ಪಾಠ ಶುರುವಾಗಿದೆ. ಶಾಲೆ ಬಿಟ್ಟ ಮೇಲೆ ಒಂದು ಗಂಟೆ, ಹಿತ್ತಲಿನ ಕಲ್ಲಿನ ಮೇಲೆ. ಕೈ ಚಾಚಿ ಸುತ್ತ ತಿರುಗು, ಆ ವೃತ್ತದೊಳಗೆ ಯಾರೂ ಇರಬಾರದು. ಕೂತು ಕತ್ತರಿಸು. ಮೈಯಿಂದ ಆಚೆಗೆ ಕತ್ತರಿಸು. ಕೊಡುವಾಗ ಹಿಡಿ ಮುಂದೆ. ಇದೆಲ್ಲ ಒಂದೇ ದಿನಕ್ಕೆ ಕಲಿತಳು. ಕೈ ಮಾತ್ರ ಬಗ್ಗುತ್ತಿಲ್ಲ. ನಾನು ಆಚೆ ನೋಡಿದರೆ ಸಾಕು, ಚಾಕು ಬಲಗೈಯಿಂದ ಎಡಗೈಗೆ ಹಾರುತ್ತದೆ.

ಎಡಚರನ್ನು ತಿದ್ದುವುದು ನನಗೆ ಹೊಸದಲ್ಲ. ಕಾರ್ಖಾನೆಯಲ್ಲಿ ಒಂದೇ ಉದ್ದನೆಯ ಮೇಜಿಗೆ ಹತ್ತು ಜನ, ಮೊಣಕೈಗೆ ಮೊಣಕೈ. ಒಬ್ಬಳು ಎಡಗೈಯಲ್ಲಿ ಹಿಡಿದರೆ ಪಕ್ಕದವಳ ಕೈಗೆ ಬಡಿಯುತ್ತದೆ, ಚಾಕು ಯಾರ ತೊಡೆಗೆ ಇಳಿಯುತ್ತದೋ ಗೊತ್ತಿಲ್ಲ. ಹೊಸಬರು ಬಂದರೆ ಮೇಸ್ತ್ರಿ ಮೊದಲು ಕೈ ನೋಡುತ್ತಿದ್ದ. ಎಡಚರನ್ನು ನನ್ನ ಪಕ್ಕ ಕೂರಿಸುತ್ತಿದ್ದ. ಹದಿನೈದು ದಿನದಲ್ಲಿ ಬಲಕ್ಕೆ ತರುತ್ತಿದ್ದೆ. ಆಗದವರು ಕೆಲಸ ಬಿಟ್ಟು ಹೋಗುತ್ತಿದ್ದರು.

ಮಾರ್ಚ್ 15, ಶನಿವಾರ

ಇವತ್ತು ಮೂರು ಕಡ್ಡಿ ಮುರಿದಳು, ಒಮ್ಮೆ ಅತ್ತಳು. ಬೈದೆ. ಊಟಕ್ಕೆ ಕರೆದರೂ ಬರಲಿಲ್ಲ. ನನಗೂ ರುಚಿಸಲಿಲ್ಲ. ಪ್ಲಾಸ್ಟರಿನೊಳಗೆ ತುರಿಕೆ. ಸಾಕಾಗಿದೆ.

ಮಾರ್ಚ್ 22, ಶನಿವಾರ

ನಪಾಸು.

ಮಾರ್ಚ್ 23, ಭಾನುವಾರ

ನಿನ್ನೆ ಒಂದು ಪದಕ್ಕಿಂತ ಹೆಚ್ಚು ಬರೆಯಲಾಗಲಿಲ್ಲ. ಇವತ್ತು ಬರೆಯುತ್ತೇನೆ.

ಪರೀಕ್ಷೆಗೆ ಕರೆದುಕೊಂಡು ಹೋಗಿದ್ದು ಅಳಿಯ. ನಡೆದದ್ದನ್ನು ಅವನೇ ಹೇಳಿದ. ಹದಿನಾರು ಮಕ್ಕಳು. ಚಾಕು ಬಿಚ್ಚುವುದು, ಲಾಕ್ ಮಾಡುವುದು, ಕೊಡುವುದು, ಇಸಿದುಕೊಳ್ಳುವುದರಲ್ಲೆಲ್ಲ ಮಿಡತೆಯೇ ಮುಂದೆ. ಆಮೇಲೆ ಗರಿಕಡ್ಡಿ ಬಂತು. ಒಣಕಡ್ಡಿಯನ್ನು ತೆಳ್ಳಗೆ ಹೆರೆಯುತ್ತ ಹೋಗಬೇಕು, ಸಿಪ್ಪೆ ಉದುರಬಾರದು, ಬುಡಕ್ಕೇ ಅಂಟಿಕೊಂಡು ಸುರುಳಿಯಾಗಿ ನಿಲ್ಲಬೇಕು. ಮಳೆ ಬಂದರೂ ಅಂಥ ಕಡ್ಡಿಗೆ ಬೆಂಕಿ ಹತ್ತುತ್ತದಂತೆ. ಹತ್ತು ಸುರುಳಿ ನಿಂತರೆ ಪಾಸು.

ಬಲಗೈಯಲ್ಲಿ ಶುರು ಮಾಡಿದಳಂತೆ. ಎರಡು ಸುರುಳಿ ಆಗಿ ಎರಡೂ ಉದುರಿದವು. ಹೊತ್ತು ಮೀರುತ್ತಿದೆ ಎಂದು ಗಾಬರಿಯಾಗಿ ಎಡಗೈಗೆ ತೆಗೆದುಕೊಂಡಳು. ಚಾಕು ಮರ ಹಿಡಿಯಲೇ ಇಲ್ಲ. ಕಡ್ಡಿಯ ಮೇಲೆ ಜಾರಿತು. ಇನ್ನೂ ಒತ್ತಿದಳು. ಮತ್ತೆ ಜಾರಿ, ಕಡ್ಡಿ ಹಿಡಿದಿದ್ದ ಕೈಯ ಹೆಬ್ಬೆರಳನ್ನು ಸವರಿಕೊಂಡು ಹೋಯಿತು. ದೊಡ್ಡ ಗಾಯವೇನಲ್ಲ. ಆದರೂ ರಕ್ತ ರಕ್ತವೇ. ಸ್ಕೌಟ್ ಮೇಷ್ಟ್ರು ನಿಲ್ಲಿಸಿಬಿಟ್ಟರು.

ಹುಡುಗಿ ಮನೆಗೆ ಬಂದವಳೇ ಚಾಕುವನ್ನು ನನ್ನ ಮಂಚದ ಮೇಲಿಟ್ಟು ಹೋದಳು. ಅತ್ತಿದ್ದರೆ ಬೈಯುತ್ತಿದ್ದೆ. ಅಳಲಿಲ್ಲ. ಮೆಟ್ಟಿಲನ್ನು ಒಂದೊಂದಾಗಿ ಇಳಿದಳು.

ಮಾರ್ಚ್ 24, ಸೋಮವಾರ

ಸ್ಕೌಟ್ ಮೇಷ್ಟ್ರು ವಾರವೆಲ್ಲ ಲೈಬ್ರರಿಯಲ್ಲಿ ಗುಮಾಸ್ತರು. ಅಲ್ಲಿಗೇ ಹೋದೆ. ಅವರು ಪಿಸುಗುಟ್ಟುತ್ತಾರೆ, ನಾನು ಕೂಗುತ್ತೇನೆ. ಓದುತ್ತಿದ್ದವರೆಲ್ಲ ಪೇಪರ್ ಇಳಿಸಿ ನೋಡಿದರು. ಕೊನೆಗೆ ಮೇಷ್ಟ್ರು ನನ್ನನ್ನು ಹೊರಗಿನ ಮೆಟ್ಟಿಲಿಗೆ ಕರೆತಂದು, "ಅಜ್ಜಿ, ಹುಡುಗಿ ಕೈ ಚೆನ್ನಾಗಿದೆ. ಚಾಕು ಯಾಕೋ ಅವಳ ಮಾತು ಕೇಳ್ತಿಲ್ಲ. ಬೇರೆ ಒಂದು ನೋಡಿ" ಎಂದರು.

ನನ್ನ ಚಾಕು! ನಾನು ಆರಿಸಿ, ಎದುರು ಕೂತು ಸಾಣೆ ಹಿಡಿಸಿದ ಚಾಕು! ಪುಸ್ತಕಕ್ಕೆ ಮೊಹರು ಹೊಡೆಯುವ ಮನುಷ್ಯ ನನಗೆ ಹೇಳಲಿಕ್ಕೆ ಬಂದ. ಅಲ್ಲಿಂದ ಮನೆಗೆ ಬರುವವರೆಗೂ ಬೈಯುತ್ತಲೇ ಬಂದೆ. ದಾರಿಯಲ್ಲಿ ಒಬ್ಬಳು ಮಗುವನ್ನು ಆಚೆ ಪಕ್ಕಕ್ಕೆ ಎಳೆದುಕೊಂಡಳು.

ಮಾರ್ಚ್ 25, ಮಂಗಳವಾರ

ಹಿತ್ತಲಿನಲ್ಲಿ ಮತ್ತೆ ಪಾಠಕ್ಕೆ ಕೂರಿಸಿದೆ. ಕೈ ಮತ್ತೆ ಎಡಕ್ಕೆ ಹೋಯಿತು. ಏಪ್ರನ್ನಿನ ದಾರ ಬಿಚ್ಚಿ, ಬಾ ಇಲ್ಲಿ, ಈ ಎಡಗೈಯನ್ನು ಸೊಂಟಕ್ಕೆ ಕಟ್ಟಿಬಿಡುತ್ತೇನೆ, ಆಗ ಬುದ್ಧಿ ಬರುತ್ತದೆ ಎಂದೆ. ಹೆದರಿಸಲಿಕ್ಕೆ ಹೇಳಿದ್ದು. ಕಟ್ಟುತ್ತಿದ್ದೆನೋ ಏನೋ. ಕಡ್ಡಿ ಹಿಡಿಯಲು ಆ ಕೈ ಬೇಕು ಎಂಬುದೂ ಆಗ ತಲೆಗೆ ಬರಲಿಲ್ಲ.

ಮಗಳು ಕೆಲಸದಿಂದ ಆಗಷ್ಟೇ ಬಂದಿದ್ದಳು, ಮೈಮೇಲೆ ಬಸ್ಸಿನ ಸಮವಸ್ತ್ರ. ಹಿತ್ತಲ ಬಾಗಿಲಲ್ಲಿ ನಿಂತು ನೋಡಿದಳು. ಬಂದು ನನ್ನ ಕೈಯಿಂದ ದಾರ ತೆಗೆದುಕೊಂಡಳು. ಕೂಗಲಿಲ್ಲ. "ನೀನು ನನಗೂ ಕಟ್ಟಿದ್ದೆ, ಅಮ್ಮ. ಎರಡು ವರ್ಷ. ಇವಳಿಗೆ ಕಟ್ಟೋಕೆ ನಾನು ಬಿಡಲ್ಲ" ಎಂದಳು.

ಹೌದು, ಕಟ್ಟಿದ್ದೆ. ಅವಳೂ ಎಡಚಿಯೇ. ನಾಳೆ ನನ್ನ ಮೇಜಿಗೇ ಕೆಲಸಕ್ಕೆ ಬರುವವಳು, ಈಗಲೇ ತಿದ್ದಿದರೆ ಒಳ್ಳೆಯದು ಎಂದು ಕಟ್ಟಿದ್ದೆ. ಅವಳು ಮೇಜಿಗೆ ಬರಲೇ ಇಲ್ಲ. ಬಸ್ಸು ಹಿಡಿದಳು. ಬಸ್ಸಿನಲ್ಲಿ ಗೇರು ಹಾಕುವುದು ಎಡಗೈಯಲ್ಲಿ. ಇಷ್ಟು ವರ್ಷ ನನಗೆ ಇದು ಹೊಳೆದಿರಲಿಲ್ಲ.

ಯಾಕೆ ಬರೆಯುತ್ತಿದ್ದೇನೋ. ಮಲಗುತ್ತೇನೆ.

ಮಾರ್ಚ್ 27, ಗುರುವಾರ

ಇವತ್ತಿನದನ್ನು ಸರಿಯಾಗಿ ಬರೆದಿಡಬೇಕು.

ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲ. ಆ ಚಾಕು ಮತ್ತೆ ನನ್ನ ಮಂಚದ ಪಕ್ಕಕ್ಕೇ ಬಂದು ಬಿದ್ದಿತ್ತು. ಮೇಷ್ಟ್ರ ಮಾತಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಅದರಲ್ಲಿ ಏನು ದೋಷ, ನೋಡೇ ಬಿಡೋಣ ಎಂದು ಒಂದು ಕಡ್ಡಿ ತಂದೆ. ಪ್ಲಾಸ್ಟರಿನ ಕೈಯಲ್ಲಿ ಕಡ್ಡಿಯನ್ನು ಮೊಣಕಾಲಿಗೆ ಒತ್ತಿ ಹಿಡಿದೆ, ಎಡಗೈಯಲ್ಲಿ ಚಾಕು. ಹೆರೆದೆ. ಜಾರಿತು. ಮತ್ತೆ ಹೆರೆದೆ, ಜಾರಿತು. ಎಡಗೈಯ ಯೋಗ್ಯತೆಯೇ ಇಷ್ಟು ಎಂದು ಬೈದು ಇಟ್ಟುಬಿಟ್ಟೆ.

ಇಟ್ಟ ಮೇಲೆ ತಡೆದೆ. ಈ ಎಡಗೈ ಒಂದು ತಿಂಗಳಿಂದ ನನಗೆ ಉಣ್ಣಿಸುತ್ತಿದೆ. ತಲೆ ಬಾಚುತ್ತಿದೆ. ಈ ಪುಸ್ತಕದಲ್ಲಿ ಅರ್ಧ ತುಂಬಿಸಿದೆ, ಮೊದಲ ಪುಟದ ಕೋಳಿಕಾಲು ಈಗಿಲ್ಲ. ಅಷ್ಟು ಕೈಲಾಗದ ಕೈಯಲ್ಲ ಇದು. ಎದ್ದು ಹೋಗಿ ತರಕಾರಿ ಹೆಚ್ಚುವ ಚಾಕು ತಂದೆ. ಮಗಳು ವಾರಕ್ಕೊಮ್ಮೆ ಕಲ್ಲಿನ ಮೇಲೆ ನಾಲ್ಕು ಸಲ ಎಳೆದು ಇಡುವಂಥದ್ದು, ನಾನು ಯಾವತ್ತೂ ಲೆಕ್ಕಕ್ಕಿಡದ ಚಾಕು. ಅದೇ ಎಡಗೈ, ಅದೇ ಕಡ್ಡಿ. ಸರ್ರೆಂದು ಸಿಪ್ಪೆ ಎದ್ದಿತು. ಮತ್ತೆ ನನ್ನ ಚಾಕು ಹಿಡಿದೆ. ಜಾರಿತು. ತರಕಾರಿಯದು ಹಿಡಿದೆ. ಎದ್ದಿತು. ಹೀಗೇ ಹತ್ತು ಸಲ.

ಎರಡನ್ನೂ ಕಿಟಕಿಗೆ ಹಿಡಿದು ನೋಡಿದೆ. ಆಗ ಗೊತ್ತಾಯಿತು. ಒಂದೇ ಪಕ್ಕದ ಸಾಣೆ. ಬಲಗೈಯಲ್ಲಿ ಹಿಡಿದು ಆಚೆಗೆ ಹೆರೆದರೆ ಚಪ್ಪಟೆ ಮೈ ಮರಕ್ಕೆ ಕೂರುತ್ತದೆ, ಚಾಕು ಮರ ಹಿಡಿದು ನೆಟ್ಟಗೆ ಹೋಗುತ್ತದೆ. ಎಡಗೈಯಲ್ಲಿ ಹಿಡಿದರೆ ಚಾಕು ಮಗುಚಿಕೊಂಡು ಇಳಿಜಾರು ಮೈ ಕೆಳಗೆ ಬರುತ್ತದೆ, ಮರದ ಮೇಲೆ ಹತ್ತಿ ಜಾರಿಬಿಡುತ್ತದೆ. ಇನ್ನೂ ಒತ್ತಿದರೆ ಇನ್ನೂ ಜಾರುತ್ತದೆ. ತರಕಾರಿ ಚಾಕುವಿಗೆ ಎರಡೂ ಕಡೆ ಸಾಣೆ. ಅದಕ್ಕೆ ಯಾವ ಕೈಯಾದರೂ ಒಂದೇ.

ಮೂವತ್ತೆಂಟು ವರ್ಷದಲ್ಲಿ ಇದು ನನಗೆ ಯಾಕೆ ಗೊತ್ತಾಗಲಿಲ್ಲ? ಗೊತ್ತಾಗಲಿಕ್ಕೆ ಆ ಮೇಜಿನಲ್ಲಿ ಒಬ್ಬಳಾದರೂ ಎಡಚಿ ಇರಬೇಕಿತ್ತು. ಒಬ್ಬಳನ್ನೂ ನಾನು ಉಳಿಸಿರಲಿಲ್ಲ.

ಹುಡುಗಿಯ ಬೆರಳು ಕೊಯ್ದಿದ್ದು ಚಾಕುವಲ್ಲ. ನಾನು.

ಮಾರ್ಚ್ 28, ಶುಕ್ರವಾರ

ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಮೀಸೆಯ ಅಂಗಡಿಯಲ್ಲಿದ್ದೆ. ಚಾಕು ಗಲ್ಲಾದ ಮೇಲಿಟ್ಟು, ಎರಡೂ ಕಡೆ ಸಾಣೆ ಕೊಡು ಎಂದೆ. ಅವನ ಮೀಸೆಯ ಎರಡು ತುದಿ ಸ್ವಲ್ಪ ಮೇಲೆ ಹೋದವು. ನಗಬೇಕಾದರೆ ನಕ್ಕುಬಿಡು, ಒಳಗಿಟ್ಟುಕೊಂಡು ಒದ್ದಾಡಬೇಡ ಎಂದೆ. ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೂ ತಡೆಯಲಾಗಲಿಲ್ಲ, ಹಾಳಾದ್ದು.

ಅಲಗು ಎರಡೂ ಕಡೆ ಒಂದೇ ಸಮ ಆಗುವವರೆಗೆ ಎದುರಿಗೇ ಕೂತಿದ್ದೆ. ಆಮೇಲೆ ಅಲ್ಲೇ ಎಡಗೈಯಲ್ಲಿ ಒಂದು ಕಡ್ಡಿ ಹೆರೆದೆ. ಸುರುಳಿ ಎದ್ದು ನನ್ನ ಮಣಿಕಟ್ಟಿಗೆ ಸುತ್ತಿಕೊಂಡಿತು.

ಸಂಜೆ ಮಿಡತೆ ಹಿತ್ತಲಿಗೆ ಬರಲೊಲ್ಲಳು. ಕೈಹಿಡಿದು ಕೂರಿಸಿದೆ. ಹೇಳಬೇಕಾದ್ದು ಬಾಯಿವರೆಗೆ ಬಂತು, ಹೊರಗೆ ಬರಲಿಲ್ಲ. ಚಾಕು ಚಾಚಿ, "ಎಡಗೈಯಲ್ಲಿ ಹಿಡಿ" ಎಂದೆ.

ನನ್ನ ಮುಖವನ್ನೇ ನೋಡಿದಳು. "ಬೈಯಲ್ವಾ?"

"ಹಿಡೀಲಿಲ್ಲ ಅಂದ್ರೆ ಬೈತೀನಿ."

ಹಿಡಿದಳು. ಮೊದಲ ಸುರುಳಿ ಎದ್ದಿತು, ಉದುರಲಿಲ್ಲ. ಎರಡನೆಯದು, ಮೂರನೆಯದು. ನಾಲ್ಕನೆಯದು ಉದುರಿತು, ಅದಕ್ಕೆ ಬೈಯಲಿಲ್ಲ. ಚಾಕುವನ್ನು ತಿರುಗಿಸಿ ತಿರುಗಿಸಿ ನೋಡಿ, ಇದು ಬೇರೆ ಚಾಕುವಾ ಎಂದು ಕೇಳಿದಳು. ಚಾಕು ಅದೇ, ಸಾಣೆ ತಪ್ಪಿತ್ತು, ತಪ್ಪಿಸಿದ್ದು ನಾನು ಎಂದೆ. ಅಂತೂ ಹೊರಗೆ ಬಂತು. ಅವಳು ಹೆಬ್ಬೆರಳಿನ ಪಟ್ಟಿ ನೋಡಿಕೊಂಡು, "ಹಾಗಾದ್ರೆ ನನ್ನ ಕೈ ಸರಿ ಇದೆ" ಎಂದಳು. ಕೇಳಿದ್ದಲ್ಲ, ಹೇಳಿದ್ದು.

ಏಪ್ರಿಲ್ 2, ಬುಧವಾರ

ಎದುರು ಕೂತು ಕಲಿಸಿದರೆ ಎಲ್ಲ ತಿರುಗುಮುರುಗಾಗುತ್ತದೆ. ಪಕ್ಕದಲ್ಲೇ ಕೂರುತ್ತೇನೆ. ನನ್ನದೂ ಎಡಗೈ, ಅವಳದೂ ಎಡಗೈ. ಕಡ್ಡಿಗೆ ಪ್ಲಾಸ್ಟರನ್ನೇ ಒರಗು ಮಾಡಿಕೊಂಡಿದ್ದೇನೆ, ಚೆನ್ನಾಗಿ ಒದಗುತ್ತದೆ. ನಿನ್ನೆ ಮಗಳು ಬಂದು ನಿಂತಳು. ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ತಾನೂ ಒಂದು ಕಡ್ಡಿ ಎತ್ತಿಕೊಂಡಳು. ಚಾಕು ಎಡಗೈಗೇ ಹೋಯಿತು. ಐದು ಸುರುಳಿ, ಐದೂ ನಿಂತವು. ಇದನ್ನು ಯಾರು ಕಲಿಸಿದರು ಎಂದೆ. ಯಾರೂ ಇಲ್ಲ ಎಂದಳು. ಮೂವರೂ ಸಾಲಾಗಿ ಕೂತಿದ್ದೆವು. ಅಳಿಯ ಒಳಗಿನಿಂದಲೇ, ಇವತ್ತು ಊಟಕ್ಕೆ ಕಡ್ಡಿ ಸಿಪ್ಪೆಯೇನಾ ಎಂದು ಕೇಳಿದ.

ಅವನೇ ಅನ್ನ ಮಾಡಿದ. ಸ್ನಾನದ ಮನೆಯ ದೀಪವನ್ನೂ ಆರಿಸಿದ್ದ.

ಏಪ್ರಿಲ್ 5, ಶನಿವಾರ

ಇವತ್ತು ಒಂದನ್ನೂ ಬಿಡದೆ ಬರೆಯುತ್ತೇನೆ.

ನಾನೇ ಹೋದೆ. ಶಾಲೆಯ ಮೈದಾನದ ಮೂಲೆ. ಮರುಪರೀಕ್ಷೆಗೆ ಇದ್ದವರು ಮೂವರೇ, ಮಿಡತೆ ಕೊನೆಯವಳು. ಮೊದಲ ಇಬ್ಬರು ಹುಡುಗರು ಪಾಸಾದರು. ಮೇಷ್ಟ್ರು ನನ್ನನ್ನು ನೋಡಿ ಒಂದು ಬೆಂಚು ತೋರಿಸಿದರು, ವೃತ್ತದಿಂದ ಸಾಕಷ್ಟು ದೂರದಲ್ಲಿ. ಬುದ್ಧಿವಂತರು.

ಕೈ ಚಾಚಿ ಸುತ್ತಿದಳು. ಕೂತಳು. ಚಾಕು ಬಿಚ್ಚಿ ಉಂಗುರ ತಿರುಗಿಸಿ, ಅಲಗಿನ ಬೆನ್ನು ಒತ್ತಿ ಲಾಕ್ ನೋಡಿಕೊಂಡಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ. ಕಡ್ಡಿಯ ತೊಗಟೆ ತೆಗೆದಳು. ತುದಿಯಲ್ಲಿ ಪಾತ್ರೆ ನೇತುಹಾಕುವ ಕಚ್ಚು ಕೊರೆದಳು. ಆಮೇಲೆ ಗರಿಕಡ್ಡಿ.

ನಾಲಿಗೆಯ ತುದಿ ಹೊರಗಿತ್ತು. ಒಂದು, ಎರಡು, ಮೂರು. ಮೇಷ್ಟ್ರು ಮೆಲ್ಲಗೆ ಎಣಿಸುತ್ತಿದ್ದರು. ಏಳರಲ್ಲಿ ಮರದ ಗಂಟು ಅಡ್ಡ ಬಂತು. ಬೆಂಚಿನಿಂದಲೇ ಕಂಡೆ. ಚಾಕು ನಿಂತಿತು. ಒತ್ತಿದರೆ ಜಾರುತ್ತದೆ, ಒತ್ತಬೇಡ ಎಂದು ಕೂಗಬೇಕೆಂದು ಬಾಯಿ ತೆರೆದೆ. ಮಗಳು ನನ್ನ ತೋಳು ಹಿಡಿದಳು. ಅವಳು ಯಾವಾಗ ಬಂದು ಪಕ್ಕ ಕೂತಿದ್ದಳೋ ನನಗೆ ಗೊತ್ತೇ ಇಲ್ಲ. ಬಸ್ಸನ್ನು ಡಿಪೋದಲ್ಲಿ ಬಿಟ್ಟು ಊಟದ ಹೊತ್ತಿನಲ್ಲಿ ಓಡಿಬಂದಿದ್ದಳು.

ಮಿಡತೆ ಒತ್ತಲಿಲ್ಲ. ಚಾಕು ಎತ್ತಿದಳು. ಕಡ್ಡಿಯನ್ನು ತಿರುಗಿಸಿದಳು. ಗಂಟಿನ ಪಕ್ಕದ ಮೈ ಹುಡುಕಿ ಅಲ್ಲಿಂದ ಮತ್ತೆ ಶುರು ಮಾಡಿದಳು. ಎಂಟು, ಒಂಬತ್ತು, ಹತ್ತು. ಅಲ್ಲಿಗೆ ಪಾಸು. ಅವಳು ನಿಲ್ಲಿಸಲಿಲ್ಲ. ಮೇಷ್ಟ್ರೂ ನಿಲ್ಲಿಸು ಎನ್ನಲಿಲ್ಲ. ಹದಿನೆಂಟಕ್ಕೆ ಅವಳೇ ಚಾಕು ಮಡಚಿದಳು. ಕಡ್ಡಿಯನ್ನು ಎತ್ತಿಹಿಡಿದರೆ ಹೂವಿನ ಹಾಗೆ ಅರಳಿ ನಿಂತಿತ್ತು. ಒಂದೇ ಬೆಂಕಿಕಡ್ಡಿಗೆ ಹೊತ್ತಿಕೊಂಡಿತು.

ಮೇಷ್ಟ್ರು ಚಾಕು ಇಸಿದುಕೊಂಡು ಅಲಗಿನ ಬಾಯಿ ನೋಡಿದರು. ಇದರ ಸಾಣೆ ಯಾರದು ಎಂದು ಕೇಳಿದರು. ಹಾರ್ಡ್‌ವೇರ್ ಅಂಗಡಿಯ ಮೀಸೆಯದು ಎಂದೆ, ಬುದ್ಧಿಯೂ ಅವನದೇ ಎಂದೂ ಸೇರಿಸಿದೆ. ತಂಡದ ಉಳಿದ ಚಾಕುಗಳನ್ನೂ ಒಮ್ಮೆ ನೋಡಿಕೊಡುತ್ತೀರಾ, ಮಕ್ಕಳಿಗೆ ಸಾಣೆ ಹಿಡಿಯುವುದನ್ನೂ ತೋರಿಸುತ್ತೀರಾ ಎಂದು ಕೇಳಿದರು. ಯೋಚಿಸುತ್ತೇನೆ ಎಂದೆ. ಯೋಚಿಸುವುದೇನು, ಬರುತ್ತೇನೆ. ತಕ್ಷಣ ಒಪ್ಪಿದರೆ ಬೆಲೆ ಇರುವುದಿಲ್ಲ.

ಮಿಡತೆ ಓಡಿಬಂದಳು. ಕಚ್ಚು ಇನ್ನೊಂದಿಷ್ಟು ಆಳ ಇರಬೇಕಿತ್ತು ಎಂದೆ. "ಗೊತ್ತಿತ್ತು, ಅಜ್ಜಿ ಹೀಗೇ ಅಂತಾಳೆ ಅಂತ" ಎಂದು ಪ್ಲಾಸ್ಟರಿನ ಕೈಯನ್ನೇ ತಬ್ಬಿಕೊಂಡಳು. ನೋವಾಯಿತು. ಬಿಡು ಎನ್ನಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನಾನು ಯಾರ ಹತ್ತಿರವೂ ಜಂಬ ಕೊಚ್ಚಲಿಲ್ಲ. ಹಾಲಿನವನಿಗೆ, ಔಷಧಿ ಅಂಗಡಿಯವಳಿಗೆ, ಹೊಲಿಗೆಯವನಿಗೆ, ಮೀಸೆಗೆ, ಬಸ್ಸು ಕಾಯುತ್ತಿದ್ದ ಐದಾರು ಜನರಿಗೆ ವಿಷಯ ತಿಳಿಸಿದೆ ಅಷ್ಟೆ. ಹದಿನೆಂಟು.

ಏಪ್ರಿಲ್ 9, ಬುಧವಾರ

ಪ್ಲಾಸ್ಟರ್ ಹೋಯಿತು. ಒಳಗಿನ ಕೈ ಬಿಳುಚಿಕೊಂಡು, ಯಾರದೋ ಕೈಯ ಹಾಗಿದೆ. ಡಾಕ್ಟರ್ ಮುಷ್ಟಿ ಹಿಡಿಸಿದ, ಹೆಸರು ಬರೆಸಿದ. ಚೆನ್ನಾಗಿ ಕೂಡಿದೆ, ಮೆಲ್ಲಗೆ ಕೆಲಸ ಶುರು ಮಾಡಬಹುದು ಎಂದ. ನಗುಮುಖದವನೇ, ಆದರೆ ಕೆಲಸ ಬಲ್ಲವನು. ಅಂಗಡಿ ತೆರೆದು ಎರಡು ಜೊತೆಗೆ ಹಿಮ್ಮಡಿ ಹೊಡೆದೆ.

ಇನ್ನು ಮೇಲೆ ಬಲಗೈಯಲ್ಲೇ ಬರೆಯಬೇಕೆಂದು ಕೂತಿದ್ದೆ. ಇಷ್ಟನ್ನೂ ಎಡಗೈಯಲ್ಲೇ ಬರೆದಿದ್ದೇನೆ, ಈಗ ನೋಡಿದೆ.

ಏಪ್ರಿಲ್ 11, ಶುಕ್ರವಾರ

ಹೊರಟಳು. ಬೆನ್ನಿನ ಚೀಲ ಅವಳಿಗಿಂತ ದೊಡ್ಡದು. ಚಾಕು ಸೊಂಟದ ಜೇಬಿನಲ್ಲಿ, ಒಂದು ಚರ್ಮದ ದಾರದಲ್ಲಿ ಬೆಲ್ಟಿಗೆ ಕಟ್ಟಿ. ದಾರ ನಾನು ಕತ್ತರಿಸಿದ್ದು. ಎಡಪಕ್ಕದ ಜೇಬು.

ಏಪ್ರಿಲ್ 12, ಶನಿವಾರ

ಮಳೆ. ಮಗಳು ಕಿಟಕಿ ಬಿಟ್ಟು ಕದಲಲಿಲ್ಲ. ಬೈದು ಊಟಕ್ಕೆ ಎಬ್ಬಿಸಿದೆ. ಆಮೇಲೆ ಆ ಕಿಟಕಿಯಲ್ಲಿ ನಾನು ನಿಂತೆ.

ಏಪ್ರಿಲ್ 13, ಭಾನುವಾರ

ಮಧ್ಯಾಹ್ನ ಬಂದಳು. ಮೆಟ್ಟಿಲು ಮೂರು ಮೂರಾಗಿ ದಡದಡ ಸದ್ದಾಯಿತು. ಮೊಣಕಾಲಿನವರೆಗೆ ಕೆಸರು, ಕೂದಲಲ್ಲಿ ಹೊಗೆಯ ವಾಸನೆ, ಮಾತು ನಿಲ್ಲುತ್ತಿಲ್ಲ. ಮಳೆಗೆ ಕಟ್ಟಿಗೆಯೆಲ್ಲ ಒದ್ದೆ. ಮೂರು ಒಲೆಗಳಲ್ಲಿ ಎರಡು ಹತ್ತಲೇ ಇಲ್ಲವಂತೆ. ಇವಳು ಒದ್ದೆ ಕೊಂಬೆಯ ತೊಗಟೆ ತೆಗೆದು, ಒಳಗಿನ ಒಣ ತಿರುಳು ಸಿಗುವವರೆಗೆ ಹೆರೆದು, ಅದನ್ನೇ ಗರಿ ಮಾಡಿ ಬೆಂಕಿ ಹಚ್ಚಿದಳಂತೆ. ಉಳಿದ ಒಲೆಗಳಿಗೂ ಅಲ್ಲಿಂದಲೇ ಬೆಂಕಿ ಹೋಯಿತಂತೆ. ಹದಿನಾರು ಮಕ್ಕಳೂ ಬಿಸಿಬಿಸಿ ಉಂಡರು. ಮೇಷ್ಟ್ರು ಎರಡು ಸಲ ಹಾಕಿಸಿಕೊಂಡರು. ಹುಡುಗರಿಗೂ ಇವಳೇ ಹೇಳಿಕೊಟ್ಟಳಂತೆ. "ಒತ್ತಬೇಡ ಕಣೋ, ಮರ ಎಲ್ಲಿ ಬಿಡುತ್ತೆ ನೋಡು" ಎಂದಳಂತೆ. ಮಗಳು ಕೇಳುತ್ತ ಕೇಳುತ್ತ ಮುಖ ಒರೆಸಿಕೊಂಡಳು. ಹೊಗೆಯ ವಾಸನೆ ಕಣ್ಣಿಗೆ ಹತ್ತಿತು ಎಂದಳು.

ಸ್ನಾನಕ್ಕೆ ಕಳಿಸಿ ನಾನು ಚಾಕು ತೆಗೆದು ನೋಡಿದೆ. ಮೊಂಡು. ಚಮಚದ ಹಾಗೆ ಮೊಂಡು. ಬಾಯಿಯಲ್ಲಿ ಎರಡು ಕಡೆ ಸಣ್ಣ ಚಕ್ಕೆ ಎದ್ದಿದೆ, ಮೈಗೆ ಮರದ ಅಂಟು. ತುಕ್ಕು ಮಾತ್ರ ಒಂದು ಚುಕ್ಕೆಯೂ ಇಲ್ಲ. ಮೂರು ದಿನವೂ, ಮಳೆಯಲ್ಲೂ, ಪ್ರತಿ ಸಲ ಒರೆಸಿಟ್ಟಿದ್ದಾಳೆ. ಮೂವತ್ತೆಂಟು ವರ್ಷದಲ್ಲಿ ಎಷ್ಟೋ ಚಾಕು ನೋಡಿದ್ದೇನೆ, ಇಷ್ಟು ಚೆಂದವಾಗಿ ಹಾಳಾದದ್ದನ್ನು ನೋಡಿರಲಿಲ್ಲ.

ಸಂಜೆ ಅಂಗಡಿಗೆ ಇಳಿದೆವು. ಸಾಣೆಕಲ್ಲಿಗೆ ನೀರು ಹಾಕಿ ಮುಂದಿಟ್ಟು, ಇದು ನಿನ್ನ ಕೆಲಸ ಎಂದೆ. ಎಡಗೈಯಲ್ಲಿ ಹಿಡಿದು, ಬಲಗೈಯ ಎರಡು ಬೆರಳು ಅಲಗಿನ ಮೇಲಿಟ್ಟು ಎಳೆದಳು. ಒಂದು ಪಕ್ಕ, ಇನ್ನೊಂದು ಪಕ್ಕ, ಎಣಿಸಿ ಎಣಿಸಿ ಸಮವಾಗಿ. ಮೂರು ಸಲ ಬಾಯಿ ತೆರೆದೆ, ಮೂರು ಸಲ ಮುಚ್ಚಿಕೊಂಡೆ. ಅರ್ಧ ಗಂಟೆಯಾಯಿತು. ಹೊರಗೆ ಮೀಸೆ ಅಂಗಡಿ ಮುಚ್ಚಿ ಹೋಗುತ್ತಿದ್ದವನು ಬಾಗಿಲಲ್ಲೇ ನಿಂತು ನೋಡಿದ.

ಬಾಯಿ ಬಂತೋ ಇಲ್ಲವೋ ನೋಡಬೇಕು, ಕಾಗದ ಕೊಡು ಅಜ್ಜಿ ಎಂದಳು. ಹತ್ತಿರ ಬೇರೇನೂ ಇರಲಿಲ್ಲ, ಈ ಡೈರಿಯನ್ನೇ ಬಿಚ್ಚಿ ಚಾಚಿದೆ. ಈ ಪುಟದ ಮೇಲಿನ ಮೂಲೆ ಇಲ್ಲದಿರುವುದು ಅದಕ್ಕೇ. ಹರಿದದ್ದಲ್ಲ. ಕೊಯ್ದದ್ದು. ಒಂದು ಎಳೆಯೂ ಎದ್ದಿಲ್ಲ.